ಉಳಿತಾಯ ಯಾರ ತಾಟಿನಿಂದ?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾಲ್ಕು ಜನ ನಿಂತರೆ ಏನು ಮಾತು ಬರುತ್ತದೆಂದು ನೀವು ಗಮನಿಸಿದ್ದೀರಾ? ಮೊದಲು ಮಳೆ, ಆಮೇಲೆ ಬೆಲೆ. ಎಣ್ಣೆ ಎಷ್ಟಾಯಿತು, ಜೋಳ ಎಷ್ಟಾಯಿತು, ಮಕ್ಕಳ ಶಾಲೆಯ ಫೀಸು ಎಷ್ಟು ಏರಿತು. ರಾಯಚೂರಿನಲ್ಲಾಗಲಿ, ಮಾನ್ವಿಯಲ್ಲಾಗಲಿ, ದೇವದುರ್ಗದಲ್ಲಾಗಲಿ ಈ ಮಾತು ಒಂದೇ. ಕೊನೆಗೆ ಯಾರಾದರೊಬ್ಬರು, “ಕೈ ಬಿಗಿ ಹಿಡಿದು ಖರ್ಚು ಮಾಡಬೇಕ್ರಿ” ಎನ್ನುತ್ತಾರೆ. ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತೇವೆ. ಯಾರ ಕೈ ಬಿಗಿ ಹಿಡಿಯಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮನೆಯ ಖರ್ಚು ತಗ್ಗಿಸುವ ಉಪಾಯಗಳನ್ನು ಬರೆದರೆ ನಿಮಗೆ ಉಪಯೋಗವಾದೀತು ಎಂದುಕೊಂಡೇ ನಾನು ಈ ಲೇಖನಕ್ಕೆ ಕುಳಿತೆ. ಅಂಥ ಕೆಲವು ಉಪಾಯಗಳು ಮುಂದೆ ಬರುತ್ತವೆ. ಆದರೆ ಅವುಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ಮನೆಯಲ್ಲೇ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ.

ಮದುವೆಯಾದ ಮೊದಲ ತಿಂಗಳಿಂದಲೇ ನಾನು ಲೆಕ್ಕದ ಪುಸ್ತಕ ಇಟ್ಟವನು. ಗಟ್ಟಿ ರಟ್ಟಿನ ಉದ್ದನೆಯ ಪುಸ್ತಕ. ಕಿರಾಣಿ, ಹಾಲು, ಔಷಧ, ದೇವಾಲಯದ ವಂತಿಗೆ ಎಂದು ಗೆರೆ ಹಾಕಿದ ಕಾಲಮ್ಮುಗಳು. ತಿಂಗಳ ಪಗಾರ ಬಂದ ಕೂಡಲೇ ಮನೆಖರ್ಚಿಗೆಂದು ಇಂತಿಷ್ಟು ಹಣವನ್ನು ಹೆಂಡತಿಯ ಕೈಗೆ ಕೊಡುತ್ತಿದ್ದೆ. ಬೆಲೆ ಏರಿದರೂ ಆ ಮೊತ್ತ ಏರಲಿಲ್ಲ. ಆದರೂ ಮನೆ ನಡೆಯುತ್ತಿತ್ತು, ಅಂಚೆ ಕಚೇರಿಯ ಪಾಸ್‌ಬುಕ್ಕಿನಲ್ಲಿ ಹಣ ಬೆಳೆಯುತ್ತಿತ್ತು. ತಪಸ್ಸುಕಾಲದಲ್ಲಿ ಇನ್ನೂ ಸ್ವಲ್ಪ ಕಡಿಮೆ ಕೊಟ್ಟು, ಉಳಿದದ್ದನ್ನು ಬಡವರ ಪೆಟ್ಟಿಗೆಗೆ ಹಾಕಿ, ಸಮಾಧಾನದಿಂದ ಮನೆಗೆ ಬರುತ್ತಿದ್ದೆ. ಬರುವ ದಾರಿಯಲ್ಲಿ ಒಂದು ತಾಟು ಒಗ್ಗರಣಿ, ಎರಡು ಮಿರ್ಚಿ ತಿನ್ನುತ್ತಿದ್ದೆ. ರಾಯಚೂರಿನವನಿಗೆ ಅದು ಬಿಡಲಾಗದ ಚಟ. ಆ ಖರ್ಚು ಮಾತ್ರ ಲೆಕ್ಕದ ಪುಸ್ತಕಕ್ಕೆ ಏರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನೀರಿನ ಕೊಡ ಎತ್ತುವಾಗ ಅವಳಿಗೆ ತಲೆಸುತ್ತು ಬಂದು ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು, ಅವಳಿಗೆ 7 ಇತ್ತು. ವಯಸ್ಸಾದ ವೈದ್ಯರು ಚೀಟಿ ಬರೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. “ನಿಮ್ಮ ಮನ್ಯಾಗ ಕಡೀಗೆ ಯಾರು ಉಣ್ತಾರ್ರಿ?” ಎಂದು ಕೇಳಿದರು. ನಾನು ಉತ್ತರಿಸಲಿಲ್ಲ. ಅವಳೇ, “ನಾನ ರೀ, ಎಲ್ಲಾರ್ದು ಆದ ಮ್ಯಾಲ” ಎಂದಳು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ ಎಂಬಂತಿತ್ತು ಅವಳ ದನಿ.

ಆಮೇಲೆ ಒಂದೊಂದೇ ತಿಳಿಯುತ್ತ ಬಂತು. ಹಾಲು ಮಕ್ಕಳಿಗೆ ಮತ್ತು ನನ್ನ ಚಹಾಕ್ಕೆ ಮಾತ್ರ. ಬೇಳೆ ನಮ್ಮ ತಾಟಿಗೆ, ಮೇಲಿನ ತಿಳಿ ಅವಳ ತಾಟಿಗೆ. ಸೂಜಿಗೆ ದಾರ ಪೋಣಿಸಲಾಗದೆ ಎರಡು ವರ್ಷವಾಗಿದ್ದರೂ ಚಷ್ಮಾ ಮಾಡಿಸಿಕೊಂಡಿರಲಿಲ್ಲ. ಆಟೋ ಹಣ ಉಳಿಯಲೆಂದು ಬಸ್ ನಿಲ್ದಾಣದಿಂದ ಚೀಲ ಹೊತ್ತು ನಡೆದೇ ಬರುತ್ತಿದ್ದಳು. ಹೆಚ್ಚದ ಮನೆಖರ್ಚಿನಲ್ಲಿ ಏರುತ್ತಿದ್ದ ಬೆಲೆಯನ್ನು ಅವಳು ತುಂಬಿಕೊಡುತ್ತಿದ್ದದ್ದು ಹೀಗೆ. ನಾನು ಹಣ ಉಳಿಸಿದ್ದೇನೆಂದು ತಿಳಿದಿದ್ದೆ. ನಿಜವಾಗಿ ಅವಳ ಮೈಯಿಂದ ಸಾಲ ತೆಗೆದಿದ್ದೆ, ಅದೂ ಅವಳನ್ನು ಕೇಳದೆ. ಆಸ್ಪತ್ರೆಯ ಬಿಲ್ಲಿಗೆ ಪಾಸ್‌ಬುಕ್ಕಿನ ಹಣದಲ್ಲಿ ಹೆಚ್ಚಿನ ಪಾಲು ಹೋಯಿತು ಎಂಬುದು ಸಣ್ಣ ಮಾತು.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. “ತಾಯಂದಿರು ಹೀಗೆ ಮಾಡುವುದು ಪ್ರೀತಿಯಿಂದಲ್ಲವೇ? ಅದು ತ್ಯಾಗವಲ್ಲವೇ? ನಮ್ಮ ಧರ್ಮವೇ ತ್ಯಾಗವನ್ನು ಕಲಿಸುವುದಿಲ್ಲವೇ?” ನನಗೂ ಈ ಪ್ರಶ್ನೆ ಬಹಳ ದಿನ ಕಾಡಿತು. ತ್ಯಾಗ ದೊಡ್ಡದು, ಸಂದೇಹವಿಲ್ಲ. ಆದರೆ ಅದು ಕೊಡುವವರಿಗೆ ಸೇರಿದ ಮಾತು. ಪಡೆಯುವವನು ಎದುರಿನ ತಾಟನ್ನು ನೋಡದೆ ಉಂಡು, ಆಮೇಲೆ “ಎಂಥ ತ್ಯಾಗಮಯಿ” ಎಂದು ಹೊಗಳಿದರೆ ಅದನ್ನು ಏನೆಂದು ಕರೆಯೋಣ? ನಾವು ಕ್ರೈಸ್ತರು ತಾಯಿಯ ತ್ಯಾಗವನ್ನು ಕೊಂಡಾಡುವುದರಲ್ಲಿ ಸ್ವಲ್ಪ ಅವಸರ ಮಾಡುತ್ತೇವೇನೋ ಎಂದು ನನಗೆ ಅನ್ನಿಸುತ್ತದೆ. ಹೊಗಳಿಕೆಗೆ ಹಣ ಬೇಕಾಗುವುದಿಲ್ಲ, ಅರ್ಧ ಲೀಟರ್ ಹಾಲಿಗೆ ಬೇಕಾಗುತ್ತದೆ. ಬಲಿಪೀಠ ಕಟ್ಟಲು ಅರೌನನು ತನ್ನ ಕಣವನ್ನೂ ಎತ್ತುಗಳನ್ನೂ ಪುಕ್ಕಟೆ ಕೊಡುತ್ತೇನೆಂದಾಗ ದಾವೀದನು ಒಪ್ಪಲಿಲ್ಲ. ತನಗೆ ಏನೂ ಖರ್ಚಾಗದ್ದನ್ನು ದೇವರಿಗೆ ಅರ್ಪಿಸಲಾರೆನೆಂದು ಬೆಲೆ ಕೊಟ್ಟು ಕೊಂಡನು. ನಾನು ತಪಸ್ಸುಕಾಲದಲ್ಲಿ ಪೆಟ್ಟಿಗೆಗೆ ಹಾಕಿದ ಹಣಕ್ಕೆ ನನಗೆ ಏನು ಖರ್ಚಾಗಿತ್ತು? ಒಂದು ಮಿರ್ಚಿ ಕೂಡ ಅಲ್ಲ.

ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಐದು ರೊಟ್ಟಿ, ಎರಡು ಮೀನು, ಐದು ಸಾವಿರ ಜನ. ಅದು ಜವೆಗೋಧಿಯ ರೊಟ್ಟಿ, ಬಡವರ ರೊಟ್ಟಿ. ನಮ್ಮ ಕಡೆಯ ಜೋಳದ ರೊಟ್ಟಿಯ ಹಾಗೆ ಎನ್ನಬಹುದು. ಊಟ ಮುಗಿದ ಮೇಲೆ ಯೇಸುಸ್ವಾಮಿ ಶಿಷ್ಯರಿಗೆ ಉಳಿದ ತುಂಡುಗಳನ್ನು ಒಟ್ಟುಗೂಡಿಸಲು ಹೇಳುತ್ತಾರೆ, ಏನೂ ಹಾಳಾಗಬಾರದೆಂದು. ಹನ್ನೆರಡು ಬುಟ್ಟಿ ತುಂಬುತ್ತವೆ. ಐದು ರೊಟ್ಟಿಯನ್ನು ಅಷ್ಟು ಜನರಿಗೆ ಸಾಲಿಸಬಲ್ಲವರಿಗೆ ತುಂಡುಗಳ ಚಿಂತೆ ಏಕೆ? ಆದರೂ ಆರಿಸಲು ಹೇಳಿದರು. ಮಿತವ್ಯಯಕ್ಕೆ ಇದಕ್ಕಿಂತ ದೊಡ್ಡ ಆಧಾರ ನಮಗೆ ಬೇಕಾಗಿಲ್ಲ. ಆದರೆ ಆ ಘಟನೆಯ ಕ್ರಮವನ್ನು ಗಮನಿಸಿ. ಎಲ್ಲರೂ ಕುಳಿತರು, ಎಲ್ಲರೂ ಬೇಕಾದಷ್ಟು ತಿಂದು ತೃಪ್ತರಾದರು, ಆಮೇಲೆ ಬುಟ್ಟಿ ಬಂತು. ಬುಟ್ಟಿ ತುಂಬಲೆಂದು ಯಾರನ್ನೂ ಅರೆಹೊಟ್ಟೆಯಲ್ಲಿ ಎಬ್ಬಿಸಲಿಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ಸಲ ಬುಟ್ಟಿ ಮೊದಲು ಬರುತ್ತದೆ, ಊಟ ಆಮೇಲೆ. ಅಥವಾ ಒಬ್ಬರ ಪಾಲಿಗೆ ಬುಟ್ಟಿಯ ತುಂಡುಗಳೇ ಊಟ.

ನಮ್ಮ ಭಾಗದ ಹಿರಿಯರಿಗೆ ಉಳಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮಳೆಯನ್ನು ನಂಬಲಾಗದ ನೆಲದಲ್ಲಿ ಉಳಿಸದವರು ಬದುಕುವಂತಿರಲಿಲ್ಲ. ಹಗೇವನ್ನು ನೋಡಿದವರು ನಿಮ್ಮಲ್ಲಿ ಕೆಲವರಾದರೂ ಇರಬೇಕು. ಗಟ್ಟಿ ನೆಲದಲ್ಲಿ ತೋಡಿದ ಆಳವಾದ ಗುಂಡಿ. ಬಾಯಿ ಕಿರಿದು, ಒಡಲು ಅಗಲ. ಸುತ್ತ ಹುಲ್ಲು, ದಂಟು ಹಾಸಿ, ಚೆನ್ನಾಗಿ ಒಣಗಿಸಿದ ಜೋಳವನ್ನು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ್ದರಿಂದ ಹುಳ ಬೀಳುತ್ತಿರಲಿಲ್ಲ, ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದ ಕೂಡಲೇ ಒಳಗೆ ಇಳಿಯುವಂತಿರಲಿಲ್ಲ. ಒಳಗಿನ ಕಾವು, ಕೆಟ್ಟ ಗಾಳಿ ಹೊರಗೆ ಹೋಗುವ ತನಕ ಕಾಯಬೇಕಿತ್ತು. 1972ರ ಬರವನ್ನು ನೆನೆಯುವ ಮುದುಕರ ಮಾತಿನಲ್ಲಿ ಹಗೇವಿನ ಪ್ರಸ್ತಾಪ ಬಂದೇ ಬರುತ್ತದೆ. ಆ ನೆನಪಿಗೆ ಇನ್ನೊಂದು ಮಗ್ಗುಲೂ ಇದೆ. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಅದರೊಳಗಿನ ಜೋಳವನ್ನು ಬೆಳೆದ, ಕೊಯ್ದ, ಹೊತ್ತು ತಂದು ಸುರಿದ ಕೈಗಳಿಗೆ ಹಗೇವು ಇರಲಿಲ್ಲ. ಬರ ಬಂದಾಗ ಅವರು ಅದೇ ಜೋಳವನ್ನು ಸಾಲವಾಗಿ ತಂದು, ಸುಗ್ಗಿಯಲ್ಲಿ ಹೆಚ್ಚು ಅಳೆದು ಕೊಡಬೇಕಾಗುತ್ತಿತ್ತು. ಹಳೆಯ ಕಾಲದ ಮಿತವ್ಯಯವನ್ನು ಹೊಗಳುವಾಗ ಇದನ್ನು ಬಿಟ್ಟು ಹೇಳಬಾರದು.

ಕೌದಿಯ ಮಾತು ಬೇರೆ. ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿಯಲ್ಲಿ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಹಾಳಾಗಿ ಹೋಗಬೇಕಾದದ್ದು ಮಗುವಿನ ಹಾಸಿಗೆಯಾಗುತ್ತದೆ. ಖಟಿ ರೊಟ್ಟಿಯೂ ಹಾಗೆಯೇ: ಒಮ್ಮೆ ಒಲೆ ಹೊತ್ತಿಸಿ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಹಿಂಡಿ ಜೊತೆಗಿದ್ದರೆ ಊಟವೇ ಆಯಿತು. ಇಂಥ ಉಳಿತಾಯ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದನ್ನು ಬಡತನದ ಗುರುತೆಂದು ನಾಚಿಕೊಳ್ಳುವ ಮಕ್ಕಳನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಈಗ ಉಪಾಯಗಳಿಗೆ ಬರೋಣ. ಹಾಳಾಗುವುದನ್ನು ತಡೆಯುವುದರಿಂದ ಆರಂಭಿಸಿ, ಏಕೆಂದರೆ ಅದು ಯಾರ ತಾಟಿಗೂ ಕೈ ಹಾಕುವುದಿಲ್ಲ. ಹಳೆಯ 60 ವ್ಯಾಟಿನ ಬಲ್ಬನ್ನು ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ 9 ಯೂನಿಟ್. ಅದರ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಹಾಕಿದರೆ ಒಂದೂವರೆ ಯೂನಿಟ್ ಕೂಡ ಆಗುವುದಿಲ್ಲ. ನಮ್ಮ ಬಿಸಿಲಿನಲ್ಲಿ ಫ್ಯಾನು ನಿಲ್ಲುವುದೇ ಇಲ್ಲ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, 30 ವ್ಯಾಟಿನ ಹೊಸ ಬಗೆಯದಾದರೆ 11ರ ಒಳಗೆ. ಹೊಸ ಫ್ಯಾನಿನ ಬೆಲೆ ಹೆಚ್ಚು, ಆದ್ದರಿಂದ ಹಳೆಯದು ಕೆಟ್ಟಾಗ ಬದಲಿಸಿದರೆ ಸಾಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲೇ ಬಾರದ ಮನೆಯವರು “ನಮಗೇಕೆ ಈ ಲೆಕ್ಕ” ಎಂದಾರು. ಆ ಯೋಜನೆಯಲ್ಲಿ ಮನೆಮನೆಗೂ ಒಂದು ಮಿತಿ ಗೊತ್ತು ಮಾಡಿದ್ದನ್ನು ಅವರು ನೆನಪಿಡಬೇಕು. ಅಲ್ಲದೆ 1985ರಿಂದ ಶಕ್ತಿನಗರದ ಚಿಮಣಿಗಳ ಬೂದಿಯನ್ನು ಕಾಣುತ್ತ ಬಂದಿರುವ ರಾಯಚೂರಿನ ನಮಗೆ, ವಿದ್ಯುತ್ತು ಎಲ್ಲಿಂದ ಬರುತ್ತದೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಬೇಡದ ದೀಪ ಆರಿಸುವುದು, ತಿನ್ನುವಷ್ಟೇ ಬೇಯಿಸುವುದು ಇವೆಲ್ಲ ಸಣ್ಣ ಕೆಲಸಗಳಾದರೂ ಸೃಷ್ಟಿಯ ಮೇಲಿನ ಪ್ರೀತಿಯೇ ಎಂದು ಪೋಪ್ ಫ್ರಾನ್ಸಿಸರು 2015ರಲ್ಲಿ ‘ಲೌದಾತೊ ಸಿ’ ಪತ್ರದಲ್ಲಿ ಬರೆದರು.

ಬೇಳೆಯನ್ನು ನೆನೆಹಾಕಿ ಬೇಯಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಗ್ಯಾಸು ಉಳಿಯುತ್ತದೆ. ಇದು ನಿಮಗೆ ಗೊತ್ತಿರುವುದೇ.

ಕಾಳುಕಡಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆ ಕಾಲುವೆಗೆ ಬಂದ ಮೇಲೆ ಮಾನ್ವಿಯ ಕಡೆ ಭತ್ತ ಹರಡಿತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. 2013ರಲ್ಲಿ ಅನ್ನಭಾಗ್ಯದ ಅಕ್ಕಿಯೂ ಬಂತು. ಹಸಿವು ತಗ್ಗಿತು, ಅದು ಸಣ್ಣ ವಿಷಯವಲ್ಲ. ಆದರೆ ಜೋಳ ಕೊಂಡು ತಿನ್ನುವ ವಸ್ತುವಾಯಿತು. ಹಿಂಗಾರಿ ಜೋಳ, ತೊಗರಿ ಸುಗ್ಗಿಯ ದಿನಗಳಲ್ಲಿ ಅಗ್ಗ. ಆಗ ವರ್ಷಕ್ಕಾಗುವಷ್ಟು ಕೊಂಡು, ಬಿಸಿಲಿಗೆ ಒಣಗಿಸಿ, ಬೇವಿನ ಸೊಪ್ಪು ಹಾಕಿ ಇಟ್ಟರೆ ಲಾಭ. ಎಲ್ಲರೂ ಈ ಸಲಹೆ ಕೊಡುತ್ತಾರೆ. ಒಂದೇ ಸಲ ಅಷ್ಟು ಹಣ ಯಾರ ಹತ್ತಿರ ಇರುತ್ತದೆ? ದಿನಗೂಲಿಯವರು ಸಂಜೆ ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಬೇಳೆ, ಐದು ರೂಪಾಯಿಯ ಎಣ್ಣೆ ಕೊಳ್ಳುತ್ತಾರೆ, ಅದೂ ಉದ್ರಿ. ಸಣ್ಣ ಪೊಟ್ಟಣದ ಬೆಲೆ ಯಾವಾಗಲೂ ದುಬಾರಿ. ಬಡವರು ಉಳಿಸಲು ತಿಳಿಯದವರಲ್ಲ. ಬಡತನಕ್ಕೇ ಬೆಲೆ ತೆರುತ್ತಿರುವವರು. ನಿಮ್ಮ ಓಣಿಯಲ್ಲಿ ಐದಾರು ಮನೆಯವರು ಸೇರಿ, ಕೈಯಲ್ಲಿದ್ದವರು ಮುಂಗಡ ಹಾಕಿ, ಎರಡು ಚೀಲ ತರಿಸಿ ಹಂಚಿಕೊಂಡರೆ ಹೇಗೆ? ತಿಂಗಳ ಕಂತಿನಲ್ಲಿ ಹಣ ವಾಪಸು ಬರುತ್ತದೆ. ಬಾರದಿದ್ದರೂ ಒಂದು ಮನೆಯಲ್ಲಿ ರೊಟ್ಟಿ ಬೆಂದಿರುತ್ತದೆ.

ಇನ್ನು ಉಳಿಸಬಾರದ ಜಾಗಗಳು. ಕುಡಿಯುವ ನೀರು ಮೊದಲನೆಯದು. 2022ರ ಮೇ-ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದ್ದು, ಕೆಲವರು ತೀರಿಕೊಂಡದ್ದು ನಿಮಗೆ ಮರೆತಿರಲಾರದು. ನೀರು ಕಾಯಿಸಿ ಆರಿಸುವ ಗ್ಯಾಸಿನ ಹಣವನ್ನು ಖರ್ಚಿನ ಕಾಲಮ್ಮಿಗೆ ಸೇರಿಸಬೇಡಿ. ಎರಡನೆಯದು ಬೆಳೆಯುವ ಮಕ್ಕಳ, ಬಸುರಿ-ಬಾಣಂತಿಯರ ಊಟ. 2021ರ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಸರ್ಕಾರ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಕಾರಣ, ನಮ್ಮ ಮಕ್ಕಳ ಅಪೌಷ್ಟಿಕತೆ. ಮೂರನೆಯದು ಹೆಣ್ಣುಮಕ್ಕಳ ಓದು. ಮಗನ ಟ್ಯೂಷನ್ನಿಗೆ ಹಣ ಹೊಂದಿಸಿ, ಮಗಳಿಗೆ “ಈ ವರ್ಷ ಮನೆಯಲ್ಲೇ ಇರು” ಎನ್ನುವುದೂ ಒಂದು ಉಳಿತಾಯವೇ. ಯಾರ ತಾಟಿನಿಂದ ಎಂದು ನಾನು ಹೇಳಬೇಕೇ?

ಎಲ್ಲಿ ಉಳಿಸಬಹುದು ಎಂದು ಗಂಡಸರು ಕೇಳಿದರೆ, ಜೇಬು ನೋಡಿಕೊಳ್ಳಿ ಎನ್ನುತ್ತೇನೆ. ದಿನಕ್ಕೆ ಮೂವತ್ತು ರೂಪಾಯಿಯ ಗುಟ್ಕಾ, ಬೀಡಿ, ಹೊರಗಿನ ಚಹಾ ಎಂದರೆ ವರ್ಷಕ್ಕೆ 10,950 ರೂಪಾಯಿ. ಕುಡಿತದ ಲೆಕ್ಕ ನಾನು ಹಾಕುವುದಿಲ್ಲ; ಆ ಮನೆಗಳ ಹೆಂಗಸರು ಹಾಕಿ ಮುಗಿಸಿರುತ್ತಾರೆ. ಇನ್ನೊಂದು ಸೂಕ್ಷ್ಮ ವಿಷಯ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾಯಿತು. ಆ ಆಗಸ್ಟಿನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬಂತು. ಕೆಲವು ಮನೆಗಳಲ್ಲಿ ಯಜಮಾನರು, “ನಿನಗ ಬರ್ತಾವಲ್ಲ” ಎಂದು ತಾವು ಕೊಡುತ್ತಿದ್ದ ಮನೆಖರ್ಚನ್ನು ಅಷ್ಟಕ್ಕಷ್ಟೇ ಇಳಿಸಿದರು. ಹೆಂಡತಿಯ ಹೆಸರಿಗೆ ಬಂದ ಹಣದಲ್ಲಿ ಉಳಿತಾಯ ಆದದ್ದು ಗಂಡನ ಜೇಬಿಗೆ.

ಸಾಲವಿದ್ದಾಗ ಉಳಿತಾಯ ಎಂಬ ಮಾತೇ ಬೇರೆಯಾಗುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಕಿವಿಗೆ ಹಗುರ. ಹತ್ತು ಸಾವಿರಕ್ಕೆ ವರ್ಷಕ್ಕೆ 3,600. ಹಾಗೆ ಬಡ್ಡಿ ಕಟ್ಟುತ್ತಲೇ ಇನ್ನೊಂದು ಕಡೆ ತಿಂಗಳಿಗೆ ಮುನ್ನೂರು ರೂಪಾಯಿ ಚೀಟಿ ಹಾಕಿ “ಉಳಿಸುತ್ತಿದ್ದೇನೆ” ಎನ್ನುವವರಿದ್ದಾರೆ. ಮೊದಲು ಸಾಲ ತೀರಿಸಿ, ಅದೇ ಅತಿ ಹೆಚ್ಚು ಬಡ್ಡಿ ತರುವ ಠೇವಣಿ. ಚೀಟಿ ಹಾಕುವುದಾದರೆ ಅದು 1982ರ ಕಾಯ್ದೆಯ ಪ್ರಕಾರ ನೋಂದಣಿಯಾಗಿದೆಯೇ ಎಂದು ಕೇಳಲು ಸಂಕೋಚಪಡಬೇಡಿ. ನೆಂಟರೇ ನಡೆಸುತ್ತಿದ್ದರಂತೂ ತಪ್ಪದೆ ಕೇಳಿ. ಮನೆಬಾಗಿಲಿಗೆ ಬಂದು ಸಾಲ ಕೊಡುವ ಸಂಸ್ಥೆಗಳ ವಸೂಲಿಗೆ ಅಂಜಿ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿ ರಾಜ್ಯದಲ್ಲಿ ಹೆಚ್ಚಾದಾಗ, 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು. ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂದು ಅದು ಹೇಳಿತು. ಒಳ್ಳೆಯದೇ. ಆದರೆ ಆ ಸಾಲಗಳು ಹೆಚ್ಚಾಗಿ ಹೆಂಗಸರ ಹೆಸರಿನಲ್ಲಿರುತ್ತವೆ. ಖರ್ಚು ಮಾಡಿದವರು ಯಾರು, ವಾರ ವಾರ ಸಭೆಯಲ್ಲಿ ತಲೆ ತಗ್ಗಿಸಿ ಕೂರುವವರು ಯಾರು ಎಂದು ಯಾವ ಕಾನೂನು ಕೇಳುತ್ತದೆ? ಮನೆಯವರೇ ಕೇಳಿಕೊಳ್ಳಬೇಕು.

ಕೂಡಿ ಉಳಿಸುವ ದಾರಿ ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದರು. 1909ರಲ್ಲಿ ಛೋಟಾನಾಗಪುರದ ಆದಿವಾಸಿಗಳನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲು ಯೇಸುಸಭೆಯ ಫಾದರ್ ಹಾಫ್‌ಮನ್ನರು ರಾಂಚಿಯಲ್ಲಿ ಸಹಕಾರ ಸಂಘ ಆರಂಭಿಸಿದರು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಸಹಕಾರಿ ಬ್ಯಾಂಕನ್ನು ತೆರೆದರು. ಇಂದಿನ ಮಹಿಳಾ ಸ್ವಸಹಾಯ ಸಂಘಗಳೂ ಅದೇ ದಾರಿಯವು. ನಬಾರ್ಡ್ 1992ರಲ್ಲಿ ಅವುಗಳನ್ನು ಬ್ಯಾಂಕಿಗೆ ಜೋಡಿಸಿತು. ಹತ್ತಿಪ್ಪತ್ತು ಹೆಂಗಸರು, ವಾರಕ್ಕಿಷ್ಟು ಎಂದು ಉಳಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಂಡು, ಬಡ್ಡಿಯನ್ನೂ ತಮ್ಮ ಪೆಟ್ಟಿಗೆಗೇ ಹಾಕಿಕೊಳ್ಳುತ್ತಾರೆ. ಅಂಥ ಒಂದು ಸಭೆಗೆ ನಾನು ಲೆಕ್ಕ ಬರೆದುಕೊಡಲು ಹೋಗಿದ್ದೆ. ಹಣಕ್ಕಿಂತ ಹೆಚ್ಚಾಗಿ ಅಲ್ಲಿ ಕಂಡದ್ದೇನೆಂದರೆ, ಒಬ್ಬಾಕೆಯ ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ಉಳಿದವರಿಗೆಲ್ಲ ಗೊತ್ತಿತ್ತು. ನನಗೆ ನನ್ನ ಮನೆಯದೇ ಗೊತ್ತಿರಲಿಲ್ಲ.

ಈ ಪ್ರಶ್ನೆಯನ್ನು ಹೊಸ್ತಿಲಿನ ಆಚೆಗೂ ಒಯ್ಯಬೇಕಾಗುತ್ತದೆ. ಉಸ್ಮಾನಿಯಾ ಮಾರುಕಟ್ಟೆಯಲ್ಲಿ ಹಳ್ಳಿಯಿಂದ ಪುಂಡಿ ಪಲ್ಲೆಯ ಕಟ್ಟು ಹೊತ್ತು ತಂದ ಮುದುಕಿಯ ಹತ್ತಿರ ನಾವು ಎರಡು ರೂಪಾಯಿಗೆ ಜಗ್ಗುತ್ತೇವೆ. ಬಟ್ಟೆ ಅಂಗಡಿಯಲ್ಲಿ ಬರೆದ ಬೆಲೆಯನ್ನು ಮಾತಿಲ್ಲದೆ ಕೊಡುತ್ತೇವೆ. ಮನೆಗೆಲಸದಾಕೆ ಎರಡು ದಿನ ಬಾರದಿದ್ದರೆ ಪಗಾರ ಹಿಡಿಯುತ್ತೇವೆ. ಗದ್ದೆಯ ಕೂಲಿಯಲ್ಲಿ ಹೆಣ್ಣಾಳಿಗೊಂದು, ಗಂಡಾಳಿಗೊಂದು ಲೆಕ್ಕ. ಇವೂ ನಮ್ಮ ಪುಸ್ತಕದಲ್ಲಿ ಉಳಿತಾಯದ ಕಡೆಗೇ ಬೀಳುತ್ತವೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಮ್ ನೊವಾರುಮ್’ ಪತ್ರದಲ್ಲಿ ಕೆಲಸಗಾರರ ಮಿತವ್ಯಯವನ್ನು ಕುರಿತು ಬರೆದಾಗ ಕ್ರಮ ತಪ್ಪಲಿಲ್ಲ. ಹೆಂಡತಿ ಮಕ್ಕಳೊಡನೆ ನೆಮ್ಮದಿಯಾಗಿ ಬಾಳುವಷ್ಟು ಕೂಲಿ ಕೆಲಸಗಾರನ ಕೈಗೆ ಬಂದರೆ ವಿವೇಕವುಳ್ಳವನು ತಾನಾಗಿಯೇ ಸ್ವಲ್ಪ ಕೂಡಿಡುತ್ತಾನೆ ಎಂಬುದು ಅವರ ವಾದ. ಕೂಲಿ ಮೊದಲು, ಉಪದೇಶ ಆಮೇಲೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹೊಸ ಜಗದ್ಗುರುಗಳು ಲಿಯೋ ಎಂಬ ಹೆಸರನ್ನು ತೆಗೆದುಕೊಂಡದ್ದಕ್ಕೆ ಮುಖ್ಯ ಕಾರಣವಾಗಿ ಹೇಳಿದ್ದೂ ಆ ಪತ್ರವನ್ನೇ.

ನಮ್ಮ ಹಳ್ಳಿಗಳಿಂದ ಗುಳೆ ಹೋಗುವವರನ್ನು ನೆನೆದುಕೊಳ್ಳಿ. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಾನ್ವಿಯ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆ, ಹಿಟ್ಟಿನ ಡಬ್ಬಿ, ಮಕ್ಕಳೊಂದಿಗೆ ಬೆಂಗಳೂರಿನ ಬಸ್ಸಿಗೆ ಕಾಯುತ್ತಿರುತ್ತಾರೆ. ಕಟ್ಟಡದ ಬದಿಯ ತಗಡಿನ ಶೆಡ್ಡಿನಲ್ಲಿ ಆರು ತಿಂಗಳು ಇದ್ದು, ತಿನ್ನುವುದರಲ್ಲಿ ಹಿಡಿದು ಉಳಿಸಿ, ಸಾಲ ತೀರಿಸಲು ಹಣ ತರುತ್ತಾರೆ. ಮಿತವ್ಯಯದಲ್ಲಿ ಅವರಿಗಿಂತ ದೊಡ್ಡ ಪಂಡಿತರಿಲ್ಲ. ಅವರಿಗೆ ಬಲ್ಬಿನ ಲೆಕ್ಕ ಹೇಳಲು ನನಗೆ ಬಾಯಿ ಬರುವುದಿಲ್ಲ. ಶಾಲೆ ಬಿಟ್ಟು ಅವರ ಜೊತೆ ಹೊರಟ ಮಗುವನ್ನು ಆ ನಾಲ್ಕೈದು ತಿಂಗಳು ನಮ್ಮ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿಸಿಕೊಳ್ಳಲು ಧರ್ಮಕೇಂದ್ರದವರು ಕೂಡಿ ಏನಾದರೂ ಮಾಡಬಹುದೇ ಎಂದು ಕೇಳಬಹುದು, ಅಷ್ಟೆ.

ನಮ್ಮ ಮನೆಯಲ್ಲಿ ಈಗ ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಮೊದಲ ವಾರ ಅವಳಿಗೆ ಅದು ಒಗ್ಗಲಿಲ್ಲ. ಎರಡು ತುತ್ತಿಗೊಮ್ಮೆ ಏಳುತ್ತಿದ್ದಳು. “ಎಲ್ಲಾರೂ ಕುಂತರ ಬಡಿಸವರು ಯಾರ್ರಿ?” ಎಂದಳು. ಪಾತ್ರೆಗಳನ್ನು ನಡುವೆ ಇಟ್ಟುಕೊಂಡೆವು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಗುಳಿಗೆ, ದಿನಕ್ಕೊಂದು ಲೋಟ ಹಾಲು, ಮೊಟ್ಟೆ, ಬೇಳೆ, ಪಲ್ಲೆ ಎಂದು ಖರ್ಚು ಹೆಚ್ಚಾಯಿತು. ಪಾಸ್‌ಬುಕ್ಕು ಮೊದಲಿನಂತೆ ಬೆಳೆಯುತ್ತಿಲ್ಲ. ಲೆಕ್ಕದ ಪುಸ್ತಕವನ್ನು ಅವಳ ಕೈಗೆ ಕೊಟ್ಟಿದ್ದೇನೆ. ಚಷ್ಮಾ ಹಾಕಿಕೊಂಡು ಅವಳೇ ಬರೆಯುತ್ತಾಳೆ. ನನ್ನ ಹೊರಗಿನ ತಿಂಡಿಯನ್ನೂ ಬರೆಸಬೇಕೆಂದು ಹಟ ಹಿಡಿದಳು, ಬರೆಸುತ್ತಿದ್ದೇನೆ. ಅದರ ಪಕ್ಕದಲ್ಲಿ ‘ನಾನು’ ಎಂದು ಒಂದು ಹೊಸ ಕಾಲಮ್ಮು ಹಾಕಿಕೊಂಡಿದ್ದಾಳೆ. ಬಹಳ ದಿನ ಅದು ಖಾಲಿ ಇತ್ತು. ಕಳೆದ ತಿಂಗಳು ನೋಡಿದರೆ ‘ಒಗ್ಗರಣಿ, ಮಿರ್ಚಿ’ ಎಂದಿತ್ತು. ಯಾವಾಗ ತಿಂದೆ ಎಂದು ಕೇಳಿದೆ.

“ನೀವು ಮಾನ್ವಿಗೆ ಹೋಗಿದ್ರಲ್ಲ, ಅವತ್ತು” ಎಂದಳು.